ಹತ್ತು ಪೈಸೆಯ ಮೇಲೊಂದು ಅ

ನಗೋಯಾದ ಓಸು ಬಡಾವಣೆಯ ದೇವಸ್ಥಾನದ ಅಂಗಳದಲ್ಲಿ ತಿಂಗಳಿಗೆ ಎರಡು ಸಲ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಕಬ್ಬಿಣದ ಕಾವಲಿ ಹುಡುಕಿಕೊಂಡು. ನನ್ನ ಬಾಡಿಗೆ ಮನೆಯ ನಾನ್‌ಸ್ಟಿಕ್ ತವಾದಲ್ಲಿ ದೋಸೆ ಎದ್ದು ಬರುತ್ತಿತ್ತು, ಆದರೆ ಗರಿಗರಿಯಾಗುತ್ತಿರಲಿಲ್ಲ. ಒಣಗಿದ ಕರ್ಚೀಫಿನ ಹಾಗಿರುತ್ತಿತ್ತು. ಆಫೀಸಿನಲ್ಲಿ ಯಾರೋ, ಓಸುವಿನಲ್ಲಿ ಹಳೆ ಕಬ್ಬಿಣದ ಪಾತ್ರೆಗಳು ಸಿಗುತ್ತವೆ ಎಂದಿದ್ದರು.

ಆಗ ನಾನು ಕಾರುಗಳ ಬಾಗಿಲ ಹಿಡಿಕೆ ವಿನ್ಯಾಸ ಮಾಡುವ ತಂಡದಲ್ಲಿದ್ದೆ. ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ಪರದೆಯ ಮೇಲೆ ಹಿಡಿಕೆಗಳನ್ನು ತಿರುಗಿಸಿ ಮುರುಗಿಸಿ ನೋಡುವುದೇ ಕೆಲಸ. ಇಂಜಿನಿಯರ್ ಎಂದು ಕರೆಸಿಕೊಂಡರೂ ಕೈಯಲ್ಲಿ ಒಂದು ಅರ ಹಿಡಿದು ಲೋಹ ಉಜ್ಜಿದ್ದು ಕಾಲೇಜಿನ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಮಾತ್ರ. ಅದರಲ್ಲೂ ನನ್ನ ಪಾಲಿನದನ್ನು ಪಕ್ಕದ ಗೆಳೆಯ ಉಜ್ಜಿಕೊಟ್ಟಿದ್ದ.

ಸಂತೆಯಲ್ಲಿ ಕಾವಲಿ ಕಾಣಲಿಲ್ಲ. ಕಿಮೋನೋಗಳ ರಾಶಿ, ಕಿವಿ ಮುರಿದ ಚಹಾ ಬಟ್ಟಲು, ಯಾರದೋ ಮನೆಯ ಗೋಡೆ ಗಡಿಯಾರ ಎಲ್ಲ ದಾಟಿ ಬಂದರೆ, ಉಣ್ಣೆ ಟೋಪಿ ಹಾಕಿಕೊಂಡ ವ್ಯಾಪಾರಿಯೊಬ್ಬ ಚಾಪೆಯ ಮೇಲೆ ಸಾಸರಿನಲ್ಲಿ ಒಂದಿಷ್ಟು ನಾಣ್ಯ ಹರಡಿಕೊಂಡು ಕೂತಿದ್ದ. ಅದರಲ್ಲಿ ಒಂದು ನನ್ನ ಕಣ್ಣಿಗೆ ಬಿತ್ತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಬೆಳ್ಳಿ ನಾಣ್ಯ. ಒಂದು ಮುಖದಲ್ಲಿ ಸವೆದ ರಾಣಿಯ ತಲೆ. ಇನ್ನೊಂದು ಮುಖವನ್ನು ಯಾರೋ ಕನ್ನಡಿಯ ಹಾಗೆ ನುಣ್ಣಗೆ ಉಜ್ಜಿ, ಬಳ್ಳಿಯ ನಡುವೆ ಇಂಗ್ಲಿಷಿನ A ಅಕ್ಷರ ಕೆತ್ತಿದ್ದರು.

ವ್ಯಾಪಾರಿ ನನ್ನ ಮುಖ ನೋಡಿದ್ದೇ ತಡ, ಕಥೆ ಶುರುಮಾಡಿದ. ನನ್ನ ಜಪಾನಿ ಭಾಷೆ ಆಗ ಕೊಂಬಿನಿ ಅಂಗಡಿಯಲ್ಲಿ ಚೀಲ ಬೇಡ ಎನ್ನುವಷ್ಟಕ್ಕೆ ಸಾಕಾಗುತ್ತಿತ್ತು. ಆದರೂ ಅವನ ಕೈಸನ್ನೆಯಲ್ಲಿ ಎಲ್ಲ ತಿಳಿಯಿತು. ಯೋಕೋಹಾಮಾ ಬಂದರು, ಅಮೆರಿಕದ ನಾವಿಕ, ಹಡಗು ಹೊರಡುವ ದಿನ, ಅಳುವ ಹುಡುಗಿ. ನಾವಿಕ ತನ್ನ ನಾಣ್ಯವನ್ನು ಉಜ್ಜಿ, ಹುಡುಗಿಯ ಹೆಸರಿನ ಅಕ್ಷರ ಕೆತ್ತಿ ಕೊಟ್ಟು ಹೋದನಂತೆ. ಆ ಕಾಲದಲ್ಲಿ ಪ್ರೇಮಿಗಳು ಹಾಗೆ ಮಾಡುತ್ತಿದ್ದರಂತೆ. ಹೇಳುತ್ತಾ ಅವನೂ ಒಮ್ಮೆ ಕಣ್ಣೊರೆಸಿಕೊಂಡ. ನಾನು ಚೌಕಾಸಿಯನ್ನೂ ಮಾಡದೆ ಕೊಂಡುಕೊಂಡೆ. ಅಮೆರಿಕದ ನಾವಿಕನ ನಾಣ್ಯದ ಮೇಲೆ ರಾಣಿಯ ತಲೆ ಏಕಿದೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಹೊಳೆಯದೆ ಇದ್ದುದಕ್ಕೆ ಕಾರಣವಿತ್ತು. ನನ್ನ ತಲೆಯಲ್ಲಿ ಆಗ ಅ ಎಂಬ ಅಕ್ಷರದಿಂದ ಶುರುವಾಗುವ ಒಂದೇ ಹೆಸರು ಓಡಾಡುತ್ತಿತ್ತು.

ಅವಳನ್ನು ನಾನು ನೋಡಿದ್ದು ಅದರ ಹಿಂದಿನ ಯುಗಾದಿಗೆ, ತೋಕ್ಯೋದ ಎಡೋಗಾವಾದಲ್ಲಿ. ಅಲ್ಲಿನ ಕನ್ನಡದವರು ಸಭಾಂಗಣ ಬಾಡಿಗೆಗೆ ಹಿಡಿದು ಹಬ್ಬ ಮಾಡಿದ್ದರು. ನಾನು ನಗೋಯಾದಿಂದ ಶಿಂಕನ್ಸೆನ್ ರೈಲು ಹತ್ತಿ ಹೋಗಿದ್ದೆ. ಒಬ್ಬ ಹುಡುಗಿ ಸೌಟು ಹಿಡಿದು ಬಿಸಿಬೇಳೆಭಾತ್ ಬಡಿಸುತ್ತಿದ್ದಳು. ನನ್ನ ತಟ್ಟೆಗೆ ಬಂದಾಗ, "ಬೂಂದಿ ಖಾಲಿ ಆಯ್ತು, ಚಿಪ್ಸ್ ಪುಡಿ ಮಾಡಿ ಹಾಕ್ಲಾ? ಯಾರಿಗೂ ಗೊತ್ತಾಗಲ್ಲ," ಎಂದಳು. ಅವಳು ಮೈಸೂರಿನವಳು, ತ್ಸುಕುಬಾದ ಸಂಶೋಧನಾ ಸಂಸ್ಥೆಯಲ್ಲಿ ಲೋಹಗಳ ಮೇಲೆ ಕೆಲಸ ಮಾಡುತ್ತಾಳೆ ಎಂದು ಆಮೇಲೆ ತಿಳಿಯಿತು. ಲೋಹವನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ಹೇಗೆ ದಣಿಯುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ನೋಡುವುದು ಅವಳ ಕೆಲಸ. "ಲೋಹಕ್ಕೂ ಸುಸ್ತಾಗತ್ತೇನೇ?" ಎಂದು ಕೇಳಿದ್ದೆ. "ನಿನ್ ಕಾರಿನ ಡೋರ್ ಹ್ಯಾಂಡಲ್‌ಗೂ ಆಗತ್ತೆ. ಅದು ಕಂಪ್ಲೇಂಟ್ ಮಾಡಲ್ಲ ಅಷ್ಟೆ," ಎಂದಿದ್ದಳು. ಆಮೇಲೆ ದಿನಾ ಸಂಜೆ ಫೋನು. ಊಟ ಆಯ್ತಾ ಎಂಬಲ್ಲಿಂದ ಶುರುವಾಗಿ ಜಗತ್ತಿನ ಎಲ್ಲ ವಿಷಯಕ್ಕೂ ಹೋಗುತ್ತಿತ್ತು ನಮ್ಮ ಮಾತು. ಹೋಗಬೇಕಾದ ಒಂದು ವಿಷಯಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಆ ಕೆಲಸವನ್ನು ನಾವಿಕನ ನಾಣ್ಯ ಮಾಡಿಬಿಡುತ್ತದೆ ಎಂದು ನಾನು ನಂಬಿದೆ.

ಮುಂದಿನ ಶನಿವಾರ ತ್ಸುಕುಬಾಕ್ಕೆ ಹೋದೆ. ಆ ಊರಲ್ಲಿ ಎಲ್ಲರಿಗೂ ಸೈಕಲ್. ನನಗೂ ಒಂದು ಬಾಡಿಗೆಗೆ ಕೊಡಿಸಿದಳು. ಸೀಟು ತಗ್ಗು, ಮಂಡಿ ಹ್ಯಾಂಡಲಿಗೆ ಬಡಿಯುತ್ತಿತ್ತು. ಪಾರ್ಕಿನ ಕೊಳದ ಹತ್ತಿರ ಬೆಂಚಿನ ಮೇಲೆ ಕೂತು, ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಮಾತೆಲ್ಲ ಮರೆತು, ನಾಣ್ಯವನ್ನು ಅವಳ ಅಂಗೈ ಮೇಲಿಟ್ಟೆ. ನಾವಿಕನ ಕಥೆಯನ್ನೂ ಹೇಳಿದೆ, ವ್ಯಾಪಾರಿ ಅಳುವ ಹುಡುಗಿಯನ್ನು ತೋರಿಸಿದ ಕೈಸನ್ನೆಯ ಸಮೇತ.

ಅವಳು ನಾಣ್ಯವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಉಗುರಿನಿಂದ ಬಳ್ಳಿಯ ಗೆರೆ ಸವರಿದಳು. "ಎಷ್ಟು ಚೆನ್ನಾಗಿ ಕಟ್ ಮಾಡಿದಾನೆ ನೋಡು. ಕೈ ಒಂಚೂರೂ ನಡುಗಿಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಯಾರೋ ಹುಡುಗ, ಯಾರೋ ಹುಡುಗಿಗೋಸ್ಕರ ಮಾಡಿದ್ದು. ಅವಳು ನಾನಲ್ವಲ್ಲೋ," ಎಂದಳು.

"ಅಕ್ಷರ ನಿಂದೇ ಅಲ್ವಾ?"

"ಅಕ್ಷರ ಒಂದೇ ಅಂತ ಬೇರೆಯವರ ಮದುವೆ ಕಾರ್ಡ್ ಇಟ್ಕೊಳ್ಳಕ್ಕಾಗತ್ತಾ? ಸೆಕೆಂಡ್ ಹ್ಯಾಂಡ್ ಪ್ರೀತಿ ತಂದು ಕೊಟ್ಟಿದೀಯಲ್ಲ ಮಾರಾಯ!"

ನಾನು ಕೊಳದ ಬಾತುಕೋಳಿಗಳನ್ನು ನೋಡುತ್ತಾ ಕೂತೆ. ಅವಳಿಗೆ ನಗು ತಡೆಯಲಾಗಲಿಲ್ಲ. ನನ್ನ ಮುಖ ಕಂಡು ಪಾಪ ಅನ್ನಿಸಿತೇನೋ, "ಹೇಳಬೇಕಾದ್ದು ಇದ್ರೆ ನಿನ್ ಕೈಯಿಂದ ಮಾಡ್ಕೊಂಡ್ ಬಾ. ಇಂಜಿನಿಯರ್ ತಾನೇ ನೀನು? ಆಮೇಲೆ ನೋಡೋಣ," ಎಂದಳು.

ಬೇಡ ಎಂದಿರಲಿಲ್ಲ ಎಂಬುದು ರೈಲಿನಲ್ಲಿ ವಾಪಸು ಬರುವಾಗ ಹೊಳೆಯಿತು. ನಾಣ್ಯವನ್ನೂ ವಾಪಸು ಕೊಟ್ಟಿರಲಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಹೂ ಜೋಡಿಸುವುದರಿಂದ ಹಿಡಿದು ಯೋಗದವರೆಗೆ ತರಗತಿಗಳಿದ್ದವು. ಲೋಹದ ಕೆತ್ತನೆಯದೂ ಒಂದಿತ್ತು, ಶನಿವಾರ ಬೆಳಿಗ್ಗೆ. ಹೋಗಿ ಬಾಗಿಲು ಸರಿಸಿದೆ. ಒಳಗೆ ಇದ್ದವರೆಲ್ಲ ಹೆಂಗಸರು, ಎಲ್ಲರೂ ನಮ್ಮಮ್ಮನ ವಯಸ್ಸಿನವರು ಅಥವಾ ಅವರಿಗಿಂತ ದೊಡ್ಡವರು. ಏಪ್ರನ್ ತೊಟ್ಟು, ಸಣ್ಣ ಸಣ್ಣ ಸುತ್ತಿಗೆ ಹಿಡಿದು ಟಕಟಕ ಎನ್ನಿಸುತ್ತಿದ್ದವರು ನನ್ನನ್ನು ಕಂಡು ಒಟ್ಟಿಗೆ ನಿಲ್ಲಿಸಿದರು. "ಸುಮಿಮಾಸೆನ್," ಎಂದೆ, ಕ್ಷಮಿಸಿ ಎಂಬರ್ಥದಲ್ಲಿ. ತರಗತಿ ನಡೆಸುವ ಸೆನ್ಸೇ, ಬಿಳಿ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದ ಗಟ್ಟಿ ಹೆಂಗಸು, ಹೀಟರ್ ರಿಪೇರಿಗೆ ಬಂದಿರಬೇಕು ಎಂದು ನನ್ನನ್ನು ಹೀಟರಿನ ಹತ್ತಿರ ಕರೆದುಕೊಂಡು ಹೋದರು.

ತಪ್ಪು ತಿಳಿವಳಿಕೆ ಬಗೆಹರಿದ ಮೇಲೆ ಜೇಬಿನಿಂದ ಐದು ಯೆನ್ ನಾಣ್ಯ ತೆಗೆದೆ. ಅದು ಹಿತ್ತಾಳೆಯ ಬಣ್ಣದ್ದು, ನಡುವೆ ತೂತು. ಐದು ಯೆನ್ ಅನ್ನುವುದಕ್ಕೆ ಜಪಾನಿಯಲ್ಲಿ ಗೋಎನ್. ನಂಟು, ಋಣಾನುಬಂಧ ಎನ್ನುವುದಕ್ಕೂ ಅದೇ ಉಚ್ಚಾರ. ಅದಕ್ಕೇ ಇಲ್ಲಿನವರು ದೇವರ ಮುಂದೆ ಅದನ್ನೇ ಹಾಕುತ್ತಾರೆ. ಇದಕ್ಕಿಂತ ಒಳ್ಳೆಯ ನಾಣ್ಯ ಎಲ್ಲಿ ಸಿಕ್ಕೀತು? ಇದರ ಮುಖ ಉಜ್ಜಿ ಅಕ್ಷರ ಕೆತ್ತಬೇಕು ಎಂದು ಫೋನಿನ ಅನುವಾದದ ಸಹಾಯದಿಂದ ಹೇಳಿದೆ.

ಸೆನ್ಸೇ ಎರಡೂ ಕೈಗಳನ್ನು ಎದೆಯ ಮುಂದೆ ಕತ್ತರಿಯ ಹಾಗೆ ಹಿಡಿದು, "ದಾಮೆ!" ಎಂದರು. ಆಗುವುದಿಲ್ಲ ಎಂದರ್ಥ. ಚಲಾವಣೆಯ ನಾಣ್ಯವನ್ನು ಉಜ್ಜುವುದು, ಕರಗಿಸುವುದು ಈ ದೇಶದಲ್ಲಿ ಅಪರಾಧ. ಪಕ್ಕದಲ್ಲಿದ್ದ ಇನ್ನೊಬ್ಬ ಹೆಂಗಸು, ಕನ್ನಡಕಕ್ಕೆ ಮುತ್ತಿನ ಸರ ಕಟ್ಟಿಕೊಂಡಿದ್ದವರು, ಕೈಗಳಿಗೆ ಬೇಡಿ ಹಾಕಿಕೊಂಡಂತೆ ಅಭಿನಯಿಸಿ ತೋರಿಸಿದರು. ಆಮೇಲೆ ಮೆಲ್ಲಗೆ, "ಯಾರಿಗೆ?" ಎಂದು ಕೇಳಿದರು.

"ತ್ಸುಕುಬಾದಲ್ಲಿ ಒಬ್ಬರಿದ್ದಾರೆ," ಎಂದೆ.

ಸುತ್ತಿಗೆಗಳು ಮತ್ತೆ ನಿಂತವು. ಆ ಕ್ಷಣದಿಂದ ನನ್ನ ಸಮಸ್ಯೆ ಇಡೀ ತರಗತಿಯ ಸಮಸ್ಯೆಯಾಯಿತು.

ಚಲಾವಣೆ ನಿಂತುಹೋದ ನಮ್ಮೂರಿನ ನಾಣ್ಯ ತರಿಸುವುದೆಂದು ಸಭೆ ತೀರ್ಮಾನಿಸಿತು. ಅಂದು ಸಂಜೆಯೇ ಬೆಂಗಳೂರಿಗೆ ವಿಡಿಯೋ ಕಾಲ್ ಮಾಡಿದೆ.

"ಅಮ್ಮ, ಹಳೇ ಚಿಲ್ರೆ ಎಲ್ಲಾದ್ರೂ ಇದೆಯಾ? ಹತ್ತು ಪೈಸೆ, ಇಪ್ಪತ್ತು ಪೈಸೆ ಥರದ್ದು?"

"ಯಾಕೋ? ಜಪಾನಲ್ಲಿ ಸಂಬಳ ಸಾಕಾಗ್ತಿಲ್ವಾ?"

"ಅಲ್ಲಮ್ಮ, ಒಂದು ಕೆತ್ತನೆ ಕ್ಲಾಸ್ ಸೇರ್ಕೊಂಡಿದೀನಿ. ಅದಕ್ಕೆ."

ಅಮ್ಮ ಫೋನನ್ನು ಮೂಗಿಗೆ ತೀರ ಹತ್ತಿರ ತಂದು ನನ್ನನ್ನು ದಿಟ್ಟಿಸಿದರು. ಅವರ ಒಂದು ಕಣ್ಣು ಮಾತ್ರ ಪರದೆಯ ತುಂಬ ಕಾಣುತ್ತಿತ್ತು. "ಸ್ಕೂಲಲ್ಲಿ ಡ್ರಾಯಿಂಗ್ ಅಂದ್ರೆ ಹೊಟ್ಟೆನೋವು ಅಂತಿದ್ದೆ. ಹುಡುಗಿ ಯಾರು?"

ತಾಯಂದಿರಿಗೆ ಇದನ್ನು ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೋ ನನಗೆ ಇವತ್ತಿಗೂ ತಿಳಿಯದು. ಮೈಸೂರು ಎಂದೆ, ಲೋಹ ಎಂದೆ, ಬಿಸಿಬೇಳೆಭಾತ್ ಎಂದೆ. ನಾಣ್ಯದ ಕಥೆಯನ್ನೂ ಹೇಳಿದೆ. ಅಮ್ಮ ಎಲ್ಲ ಕೇಳಿ, "ಸರಿಯಾಗೇ ಹೇಳಿದಾಳೆ. ನಮ್ಮಜ್ಜಿ ಕಾಸಿನ ಸರ ಹಾಕ್ಕೋತಿದ್ರು. ಅದ್ರಲ್ಲಿ ಒಂದೇ ಒಂದು ಕಾಸು ತಾತ ತಾವೇ ಬಡಿದು ಮಾಡಿದ್ದಂತೆ, ಸೊಟ್ಟಗೆ. ಅಜ್ಜಿ ಅದನ್ನೇ ನಡುವೆ ಪೋಣಿಸ್ಕೊಂಡಿದ್ರು," ಎಂದರು. ಅದುವರೆಗೆ ನನಗೆ ಅದು ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

ತೋಕ್ಯೋಗೆ ಬರುತ್ತಿದ್ದ ಪರಿಚಯದವರ ಕೈಯಲ್ಲಿ ಪೊಟ್ಟಣ ಬಂತು. ಚಟ್ನಿಪುಡಿ, ಹುರಿಗಡಲೆ, ಅವುಗಳ ಕೆಳಗೆ ಒಂದು ಹಳೆ ಫಿಲ್ಮ್ ಡಬ್ಬಿಯಲ್ಲಿ ಹತ್ತು ಪೈಸೆಗಳು. ಅಂಚು ಹೂವಿನ ಎಸಳಿನ ಹಾಗಿರುತ್ತದಲ್ಲ, ಗಾಳಿಗೆ ಹಾರಿಹೋಗುವಷ್ಟು ಹಗುರ, ಆ ಅಲ್ಯೂಮಿನಿಯಂ ನಾಣ್ಯ. ತರಗತಿಯ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿ, "ಕವಾಯಿ! ಎಷ್ಟು ಮುದ್ದಾಗಿದೆ! ಸಾಕುರಾ ಹೂವಿನಂತಿದೆ!" ಎಂದು ಕೊಂಡಾಡಿದರು. ಭಾರತ ಸರ್ಕಾರದ ಹತ್ತು ಪೈಸೆಗೆ ಅಷ್ಟು ಮೆಚ್ಚುಗೆ ಅದರ ಚಲಾವಣೆಯ ಕಾಲದಲ್ಲೂ ಸಿಕ್ಕಿರಲಿಕ್ಕಿಲ್ಲ.

ಆ ಚಳಿಗಾಲವಿಡೀ ನನ್ನ ಶನಿವಾರಗಳು ಅಲ್ಲೇ ಕಳೆದವು. ಸಿಂಹಗಳಿರುವ ಮುಖವನ್ನು ಹಾಗೇ ಬಿಟ್ಟು, ಹತ್ತು ಎಂಬ ಅಂಕಿಯಿರುವ ಮುಖವನ್ನು ಉಪ್ಪುಕಾಗದದಿಂದ ಉಜ್ಜಬೇಕು. ನಮ್ಮ ಅಕ್ಕಸಾಲಿಗರು ಅರಗಿನಲ್ಲಿ ಒಡವೆ ಕೂರಿಸಿದ ಹಾಗೆ ಕಾಯಿಸಿದ ರಾಳದಲ್ಲಿ ನಾಣ್ಯವನ್ನು ಕೂರಿಸಬೇಕು. ಆಮೇಲೆ ಸಣ್ಣ ಉಳಿ, ಸಣ್ಣ ಸುತ್ತಿಗೆ, ಉಸಿರು ಬಿಗಿಹಿಡಿದು ಒಂದೊಂದೇ ಏಟು. ಮೊದಲ ನಾಣ್ಯ ತೂತಾಯಿತು. ಎರಡನೆಯದರಲ್ಲಿ ಉಳಿ ಜಾರಿ, ಅಕ್ಷರಕ್ಕೆ ಬಾಲ ಬಂತು.

ನಿಜವಾದ ತೊಂದರೆ ಅಕ್ಷರದ್ದೇ. ಇಂಗ್ಲಿಷಿನ A ಆಗಿದ್ದರೆ ಮೂರು ನೇರ ಗೆರೆ, ಮುಗಿಯಿತು. ನಾನು ಹಟ ಹಿಡಿದದ್ದು ಕನ್ನಡದ ಅ ಕೆತ್ತಲು. ಅದರಲ್ಲಿ ನೇರ ಗೆರೆ ಎಂಬುದೇ ಇಲ್ಲ. ಸುತ್ತಿ, ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಸುತ್ತಿ, ಕೊನೆಗೆ ಒಂದು ಕೊಂಡಿ. ಉಳಿ ನೇರ ಹೋಗುವುದಕ್ಕೆ ಹುಟ್ಟಿದ ವಸ್ತು. ಅದನ್ನು ಬಾಗಿಸುವುದರಲ್ಲಿ ನನ್ನ ಮಣಿಕಟ್ಟು ನೋಯುತ್ತಿತ್ತು. ಒಂದನೇ ತರಗತಿಯಲ್ಲಿ ಮರಳಿನ ಮೇಲೆ ತಿದ್ದಿದ ಅಕ್ಷರ ಇಷ್ಟು ಕಷ್ಟದ್ದೆಂದು ಯಾರು ಎಣಿಸಿದ್ದರು!

ಮುತ್ತಿನ ಸರದ ಹೆಂಗಸು ಕನ್ನಡಕ ಸರಿಸಿ ನೋಡಿ, "ಬಸವನಹುಳುವಾ?" ಎಂದರು.

"ಅಲ್ಲ, ಅಕ್ಷರ."

"ಇಷ್ಟು ಚೆಂದದ್ದು ಅಕ್ಷರವಾ? ಇದನ್ನು ಹೇಗೆ ಓದುವುದು?"

"ಅ."

"ಆ ಸೋ," ಎಂದರು ಅವರು, ಹೌದಾ ಎಂಬರ್ಥದಲ್ಲಿ. ಇಡೀ ತರಗತಿ ನಕ್ಕಿತು. ಅಂದಿನಿಂದ ನಾನು ಒಳಗೆ ಬಂದ ಕೂಡಲೇ ಎಲ್ಲರೂ ಒಂದೇ ಸ್ವರದಲ್ಲಿ "ಅ!" ಎಂದು ಸ್ವಾಗತಿಸುತ್ತಿದ್ದರು. ಅಲ್ಯೂಮಿನಿಯಂ ಮೆತ್ತಗೆ, ಉಳಿಗೆ ಅಂಟಿಕೊಳ್ಳುತ್ತದೆ ಎಂದು ಗೊಣಗಿದರೆ ಸೆನ್ಸೇ ಒಂದು ಹನಿ ಸೀಮೆಎಣ್ಣೆ ಬಿಟ್ಟು, "ಮೆತ್ತಗಿರುವುದರ ಹತ್ತಿರ ಮೆತ್ತಗೆ ಹೋಗು," ಎನ್ನುತ್ತಿದ್ದರು. ಬಿಡುವಿನಲ್ಲಿ ಚಹಾ, ಉಪ್ಪಿನಕಾಯಿ ಹಾಕಿದ ಮೂಲಂಗಿ, ಮನೆಯಿಂದ ತಂದ ಅಕ್ಕಿ ಬಿಸ್ಕತ್ತು. ನನ್ನ ಜಪಾನಿ ಭಾಷೆ ಅಲ್ಲೇ ಬೆಳೆಯಿತು. ಅದರ ಪರಿಣಾಮವಾಗಿ ಆಫೀಸಿನ ಮೀಟಿಂಗಿನಲ್ಲಿ ನಾನು ಎಪ್ಪತ್ತು ವರ್ಷದ ಅಜ್ಜಿಯ ಹಾಗೆ ಮಾತಾಡುತ್ತೇನೆ ಎಂದು ಸಹೋದ್ಯೋಗಿಗಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಇತ್ತ ಫೋನಿನಲ್ಲಿ ಅವಳು, "ಏನಾಯ್ತೋ ನಿನ್ ಪ್ರಾಜೆಕ್ಟು?" ಎಂದು ಕೇಳಿದಾಗಲೆಲ್ಲ "ಡೆಡ್‌ಲೈನ್ ಎಕ್ಸ್‌ಟೆಂಡ್ ಆಗಿದೆ ಕಣೇ" ಎನ್ನುತ್ತಿದ್ದೆ.

ಕೊನೆಗೂ ಒಂದು ಅ ಆಯಿತು. ಕೊಂಡಿ ಸ್ವಲ್ಪ ಉದ್ದವಾಗಿತ್ತು, ಹೊಟ್ಟೆ ಒಂದು ಕಡೆ ಉಬ್ಬಿತ್ತು. ಆದರೆ ಕನ್ನಡ ಬಲ್ಲ ಯಾರು ನೋಡಿದರೂ ಅ ಎಂದೇ ಓದುತ್ತಿದ್ದರು. ಅದರ ಕೆಳಗೆ ನನ್ನ ಹೆಸರಿನ ಅಕ್ಷರವನ್ನೂ ಚಿಕ್ಕದಾಗಿ ಕೆತ್ತಿದೆ. ಅಷ್ಟು ಹೊತ್ತಿಗೆ ವಸಂತ ಬಂದಿತ್ತು. ಸಮುದಾಯ ಭವನದಲ್ಲಿ ಎಲ್ಲ ತರಗತಿಗಳ ಪ್ರದರ್ಶನವೆಂದು ಸೆನ್ಸೇ ಹೇಳಿದರು. ನನ್ನ ನಾಣ್ಯವನ್ನೂ ಇಡಲೇಬೇಕು ಎಂದು ಮುತ್ತಿನ ಸರದವರು ಪಟ್ಟುಹಿಡಿದರು. ಅವರೇ ಒಂದು ಕಪ್ಪು ವೆಲ್ವೆಟ್ ಚೂರು ತಂದು, ಅದರ ಮೇಲಿಟ್ಟು, "ತ್ಸುಕುಬಾದ ಒಬ್ಬರಿಗೆ" ಎಂದು ಚೀಟಿ ಬರೆದರು.

ಅದೇ ವಾರ ಅವಳಿಗೆ ನಗೋಯಾದಲ್ಲಿ ಸಮ್ಮೇಳನವಿತ್ತು. ಭಾನುವಾರ ಮಧ್ಯಾಹ್ನದ ಮೇಲೆ ಬಿಡುವು ಎಂದಳು. ನಾನು ಬೇರೇನೂ ಹೇಳದೆ ಭವನದ ವಿಳಾಸ ಕಳಿಸಿದೆ. ಪ್ರದರ್ಶನ ಮುಗಿದ ಮೇಲೆ ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ಎಲ್ಲಾದರೂ ನದಿಯ ದಡಕ್ಕೆ ಕರೆದುಕೊಂಡು ಹೋಗಿ ಕೊಡುವುದು ನನ್ನ ಲೆಕ್ಕಾಚಾರ. ಅದು ಕೈಕೊಟ್ಟಿತು.

ಅವಳಿಗಿಂತ ಮೊದಲು ಬಂದವರು ಒಬ್ಬ ಹಿರಿಯರು. ನೀಲಿ ಕೋಟು, ಕೈಯಲ್ಲಿ ಭೂತಗನ್ನಡಿ. ಹೂ ಜೋಡಣೆ, ಬೊಂಬೆ ಯಾವುದನ್ನೂ ನೋಡದೆ ನೇರ ನಮ್ಮ ಮೇಜಿಗೆ ಬಂದರು. ನನ್ನ ನಾಣ್ಯದ ಮುಂದೆ ನಿಂತವರು ಕದಲಲಿಲ್ಲ. ಕೆತ್ತಿದ ನಾಣ್ಯಗಳನ್ನೇ ಕೂಡಿಹಾಕುವ ಹವ್ಯಾಸ ಅವರದು. ಇಂಗ್ಲೆಂಡಿನವು, ಅಮೆರಿಕದವು ಬೇಕಾದಷ್ಟಿವೆಯಂತೆ. ಭಾರತದ ಅಕ್ಷರವಿರುವ ಒಂದೂ ಇಲ್ಲವಂತೆ.

"ಇದನ್ನು ಕೊಡುತ್ತೀರಾ?" ಎಂದರು.

"ಇದು ಮಾರುವುದಕ್ಕಲ್ಲ," ಎಂದೆ.

ಅವರು ಒಂದು ಮೊತ್ತ ಹೇಳಿದರು. ಮುತ್ತಿನ ಸರದವರು ಕೆಮ್ಮಿದರು. ನಾನು ತಲೆಯಾಡಿಸಿದೆ. ಅವರು ಮೊತ್ತ ಏರಿಸಿದರು. ಇಷ್ಟರಲ್ಲಿ ಹೂ ಜೋಡಣೆಯ ಮೇಜಿನವರೂ ಹತ್ತಿರ ಸರಿದಿದ್ದರು. ಜಪಾನಿನಲ್ಲಿ ಹಿರಿಯರೊಬ್ಬರಿಗೆ ಎದುರೆದುರು ಇಲ್ಲ ಎನ್ನುವುದು ಕಷ್ಟ. ನಾನು ಸೊಂಟ ಬಗ್ಗಿಸಿ ಕ್ಷಮೆ ಕೇಳುವುದು, ಅವರು ಸೊಂಟ ಬಗ್ಗಿಸಿ ಮತ್ತೆ ಕೇಳುವುದು, ಹೀಗೆ ಇಬ್ಬರೂ ಏತದ ಹಾಗೆ ಏಳುತ್ತಾ ಬೀಳುತ್ತಾ ಇದ್ದೆವು. "ಹಾಗಾದರೆ ಇನ್ನೊಂದು ಮಾಡಿಕೊಡಿ. ಅದೇ ಅಕ್ಷರ," ಎಂದರು.

"ಅದು ಸಾಧ್ಯವಿಲ್ಲ," ಎಂದೆ. ಮತ್ತೊಮ್ಮೆ ಸೊಂಟ ಬಗ್ಗಿಸಿದೆ.

ಆಗ ನನ್ನ ಹಿಂದಿನಿಂದ ಒಂದು ದನಿ ಕೇಳಿಸಿತು, ಸ್ಪಷ್ಟವಾದ ಜಪಾನಿಯಲ್ಲಿ. "ಸುಮಿಮಾಸೆನ್. ಅದು ನನ್ನದು."

ತಿರುಗಿದರೆ ಅವಳು. ಸಮ್ಮೇಳನದ ಹೆಸರಿನ ಬಿಲ್ಲೆ ಇನ್ನೂ ಕತ್ತಿನಲ್ಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ವೆಲ್ವೆಟ್ಟಿನ ಮೇಲಿನ ನಾಣ್ಯವನ್ನು ಎತ್ತಿಕೊಂಡು ಹತ್ತಿರದಿಂದ ನೋಡಿದಳು. ಉಗುರಿನಿಂದ ಅ ಮೇಲೆ ಒಂದು ಸುತ್ತು ಹೋಗಿಬಂದಳು.

"ಕೈ ನಡುಗಿದೆ," ಎಂದಳು ನನಗೆ, ಕನ್ನಡದಲ್ಲಿ.

"ತುಂಬಾ," ಎಂದೆ.

"ಗೊತ್ತಾಗತ್ತೆ. ಇಲ್ಲಿ ಎರಡು ಸಲ ಹೊಡೆದಿದೀಯ. ಇಲ್ಲಿ ಅಂತೂ ಪೂರ್ತಿ ಜಾರಿದೆ." ನಾಣ್ಯವನ್ನು ಮಗುಚಿ ಸಿಂಹಗಳನ್ನು ನೋಡಿದಳು. "ಹತ್ತು ಪೈಸೆ ಎಲ್ಲಿಂದ ತಂದ್ಯೋ?"

"ಅಮ್ಮ ಕಳ್ಸಿದ್ರು."

"ಅಮ್ಮಂಗೆ ಗೊತ್ತಾ? ನಂಗಿಂತ ಮೊದ್ಲೇ?"

"ಅಮ್ಮಂಗೆ ಅಷ್ಟೇ ಅಲ್ಲ," ಎಂದೆ. ಮೇಜಿನ ಹಿಂದೆ ನೋಡಿದರೆ ಇಡೀ ತರಗತಿ ಸಾಲಾಗಿ ನಿಂತಿತ್ತು. ಅವರಿಗೆ ನಮ್ಮ ಭಾಷೆಯ ಒಂದು ಪದವೂ ಬಾರದು. ಆದರೂ ಮುತ್ತಿನ ಸರದವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಸೆನ್ಸೇ ಮಾತ್ರ ಕೈಕಟ್ಟಿ ನಿಂತು, "ಹಾಗಾದರೆ ಉತ್ತರ?" ಎಂದು ಅವಳನ್ನೇ ಕೇಳಿಬಿಟ್ಟರು. ಅವಳು "ಹಾಯ್," ಎಂದಳು. ಜಪಾನಿಯಲ್ಲಿ ಹೌದು ಎನ್ನುವುದಕ್ಕೆ ಅಷ್ಟೇ ಸಾಕು. ನನಗೆ ನೇರವಾಗಿ ಒಪ್ಪಿಗೆ ಸಿಗಲೇ ಇಲ್ಲ. ಸೆನ್ಸೇ ಮೂಲಕ ಸಿಕ್ಕಿದ್ದು.

ನೀಲಿ ಕೋಟಿನ ಹಿರಿಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಾಣ್ಯ ಕೈತಪ್ಪಿದ ಬೇಸರ ಅವರಿಗೆ ಒಂಚೂರೂ ಇದ್ದಂತಿರಲಿಲ್ಲ. ಚಹಾ ಕುಡಿಯುತ್ತಾ ಅವರೇ ಹವ್ಯಾಸದ ಲೆಕ್ಕಾಚಾರ ವಿವರಿಸಿದರು. ಉಜ್ಜಿದ ನಾಣ್ಯ ನಾಣ್ಯಸಂಗ್ರಹಕಾರರ ದೃಷ್ಟಿಯಲ್ಲಿ ಕೆಟ್ಟುಹೋದ ನಾಣ್ಯ. ಪ್ರೇಮದ ಗುರುತಾಗಿ ಮಾತ್ರ ಅದಕ್ಕೆ ಬೇರೆ ಬೆಲೆ ಹುಟ್ಟುತ್ತದೆ. ಬರೀ ಒಂದಕ್ಷರವಿದ್ದರೆ ಕಡಿಮೆ. ಇಬ್ಬರ ಹೆಸರಿದ್ದರೆ ಹೆಚ್ಚು. ಊರು, ತಾರೀಖು, ಒಂದು ಹಡಗೋ ಹಕ್ಕಿಯೋ ಇದ್ದರೆ ಇನ್ನೂ ಹೆಚ್ಚು. ಯಾರು ಯಾರಿಗೆ ಕೊಟ್ಟರು ಎಂಬುದು ಗೊತ್ತಿದ್ದರಂತೂ ಹೇಳುವುದೇ ಬೇಡ. "ಆದರೆ ಅದು ಗೊತ್ತಿರುವ ಹೊತ್ತಿನಲ್ಲಿ ಯಾರೂ ಮಾರುವುದಿಲ್ಲ. ಮರೆತ ಮೇಲೆ ಮಾರುತ್ತಾರೆ. ಅಷ್ಟರಲ್ಲಿ ಬೆಲೆ ಇಳಿದಿರುತ್ತದೆ," ಎಂದು ನಕ್ಕರು.

ಆಗ ಅವಳು ಕೊರಳ ದಾರಕ್ಕೆ ಕಟ್ಟಿದ್ದ ಪುಟ್ಟ ಚೀಲ ಬಿಚ್ಚಿ ಬೆಳ್ಳಿ ನಾಣ್ಯ ತೆಗೆದಳು. ನಾನು ಓಸುವಿನಲ್ಲಿ ಕೊಂಡದ್ದು! ಸೆಕೆಂಡ್ ಹ್ಯಾಂಡ್ ಎಂದು ಬೈದವಳು ಅಷ್ಟು ತಿಂಗಳು ಕತ್ತಿನಲ್ಲೇ ಹಾಕಿಕೊಂಡು ತಿರುಗುತ್ತಿದ್ದಳು. ಹಿರಿಯರು ಭೂತಗನ್ನಡಿಯಲ್ಲಿ ನೋಡಿ, ಇದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಆರು ಪೆನ್ನಿ, ಯೋಕೋಹಾಮಾ ನಾವಿಕನಿಗೂ ಇದಕ್ಕೂ ಸಂಬಂಧವೇ ಇರಲಿಕ್ಕಿಲ್ಲ, ಇಂಥವು ಇಂಗ್ಲೆಂಡಿನಲ್ಲಿ ಬಹಳ ಸಿಗುತ್ತವೆ ಎಂದರು.

"ಹಾಗಾದರೆ ಇದರ ಬೆಲೆ?" ಎಂದೆ.

"ಎರಡು ಬಟ್ಟಲು ರಾಮೆನ್ ನೂಡಲ್ಸ್," ಎಂದರು. "ಮೇಲೆ ಬೇಯಿಸಿದ ಮೊಟ್ಟೆ ಹಾಕಿಸಿಕೊಂಡರೆ ಸಾಲದು."

ನಾನು ಕೊಟ್ಟದ್ದು ಎಷ್ಟೆಂದು ಅಲ್ಲಿ ಬಾಯಿಬಿಡಲಿಲ್ಲ. ಮುಂದಿನ ಸಂತೆಗೆ ಇಬ್ಬರೂ ಹೋಗಿ ಉಣ್ಣೆ ಟೋಪಿಯ ವ್ಯಾಪಾರಿಯನ್ನು ಹಿಡಿದೆವು. ಅವಳ ಜಪಾನಿಯ ಮುಂದೆ ಅವನಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಆದರೂ ಅವನು ಕಿಂಚಿತ್ತೂ ಅಳುಕದೆ, "ಕೆಲಸ ಆಯಿತೋ ಇಲ್ಲವೋ ಹೇಳಿ," ಎಂದ. ಆಯಿತು ಎನ್ನಬೇಕಾಯಿತು. "ಮತ್ತೇನು!" ಎಂದು ನಮ್ಮಿಬ್ಬರಿಗೂ ಒಂದೊಂದು ಚಹಾ ಬಟ್ಟಲನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ. ಉಚಿತವಾಗಿ.

ಮದುವೆ ಮೈಸೂರಿನಲ್ಲಾಯಿತು. ಅವಳ ಮನೆಯವರು ಮೊದಲು ಜಾತಕ ಎಂದರು, ಆಮೇಲೆ ಒಳಪಂಗಡ ಎಂದರು, ಕೊನೆಗೆ ಹುಡುಗ ಅಡುಗೆ ಮಾಡುತ್ತಾನೆಯೇ ಎಂದು ಕೇಳಿದರು. ಮಾಡುತ್ತಾನೆ, ಆದರೆ ದೋಸೆ ಕೇಳಬೇಡಿ ಎಂದು ಅವಳೇ ಉತ್ತರ ಕೊಟ್ಟಳಂತೆ. ಬೆಂಗಳೂರಿನಿಂದ ಬಂದ ನಮ್ಮಮ್ಮ ಸೊಸೆಯ ಕತ್ತಿನ ಸರದಲ್ಲಿ ಚಿನ್ನದ ನಡುವೆ ತೂಗುತ್ತಿದ್ದ ಅಲ್ಯೂಮಿನಿಯಂ ನಾಣ್ಯವನ್ನು ಬೀಗರಿಗೆಲ್ಲ ತೋರಿಸಿ, "ಹತ್ತು ಪೈಸೆ ನಮ್ಮ ಮನೇದು," ಎಂದು ಹೇಳಿಕೊಂಡು ಓಡಾಡಿದರು.

ಸೆನ್ಸೇಗೆ ಮೊಣಕಾಲು ನೋವು, ಬರಲಾಗಲಿಲ್ಲ. ಮುತ್ತಿನ ಸರದವರು ಬಂದರು. ಮೈಸೂರು ರೇಷ್ಮೆ ಸೀರೆಯುಟ್ಟು, ಊಟದ ಎಲೆಯ ಮುಂದೆ ನೆಟ್ಟಗೆ ಕೂತು, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು. ಅವರು ನನ್ನ ಹತ್ತಿರ ಒಂದು ಹತ್ತು ಪೈಸೆ ಕೇಳಿದ್ದು ಅಲ್ಲೇ, ಊಟದ ಪಂಕ್ತಿಯಲ್ಲಿ. ಅವರ ಗಂಡ ನಿವೃತ್ತ ರೈಲು ಚಾಲಕ. ಮನೆಯಲ್ಲಿ ದಿನಕ್ಕೆ ಮೂರು ಮಾತಾಡಿದರೆ ಅಂದು ಹಬ್ಬವಂತೆ: ಊಟ, ಸ್ನಾನ, ನಿದ್ದೆ. ಗಂಡನಿಗೆಂದು ಒಂದು ಕೆತ್ತಿ ನೋಡುತ್ತೇನೆ ಎಂದರು.

ಈಗ ನಾವು ಎಡೋಗಾವಾದಲ್ಲಿದ್ದೇವೆ. ಅವಳು ರೈಲು ಹಿಡಿದು ತ್ಸುಕುಬಾಕ್ಕೆ ಹೋಗುತ್ತಾಳೆ. ನಾನು ಹಿಡಿಕೆ ಬಿಟ್ಟು ಸಾಫ್ಟ್‌ವೇರ್ ಸೇರಿದ್ದೇನೆ. ಮಗಳಿಗೆ ನಾಲ್ಕು ವರ್ಷ. ಕನ್ನಡದಲ್ಲಿ ಬೈದರೆ ಜಪಾನಿಯಲ್ಲಿ ಉತ್ತರ ಕೊಡುತ್ತಾಳೆ. ಕಳೆದ ತಿಂಗಳು ಮುತ್ತಿನ ಸರದವರು ಫೋನ್ ಮಾಡಿದ್ದರು. ಆ ಹತ್ತು ಪೈಸೆಯ ಮೇಲೆ ಕೊನೆಗೂ ಒಂದು ಸಣ್ಣ ರೈಲು ಇಂಜಿನ್ನು ಕೆತ್ತಿ ಗಂಡನಿಗೆ ಕೊಟ್ಟರಂತೆ. ಗಂಡ ಅದನ್ನು ಊಟದ ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರಂತೆ.

"ಏನಂದರು?" ಎಂದು ಕೇಳಿದೆ.

"ಚಕ್ರ ಒಂದು ಕಡಿಮೆಯಿದೆ ಅಂದರು," ಎಂದರು ಅವರು. "ಅದರ ಮುಂದಿನ ಶನಿವಾರ ನನ್ನ ಜೊತೆ ತರಗತಿಗೆ ಬಂದರು. ಆ ಚಕ್ರವನ್ನು ತಾವೇ ಹಾಕುತ್ತಾರಂತೆ. ಇನ್ನೂ ಹಾಕುತ್ತಲೇ ಇದ್ದಾರೆ."